ಯಾರಿಗೂ ಗೊತ್ತಿಲ್ಲದ ಹೊಗೆ

ಪಿ.ಟಿ. ಸರ್ ಅವರ ಎಡಗಿವಿ ಒಣಗಿದ ಅಂಜೂರದ ಹಾಗೆ ಮುದುಡಿಕೊಂಡಿತ್ತು. ಕಬಡ್ಡಿ ಅಂಕಣದಲ್ಲಿ ಯಾರ್ಯಾರದೋ ಮೊಣಕಾಲು, ಮೊಣಕೈ ತಗುಲಿ ತಗುಲಿ ಆ ಕಿವಿ ತನ್ನ ಆಕಾರವನ್ನೇ ಮರೆತಿತ್ತು. ಹೊಸದಾಗಿ ಕಂಡವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಆದರೆ ಸರ್ ಗೆರೆ ದಾಟಿ "ಕಬಡ್ಡಿ ಕಬಡ್ಡಿ" ಎಂದು ಶುರು ಮಾಡಿದರೆಂದರೆ ಕಿವಿ ಯಾರಿಗೂ ಕಾಣುತ್ತಿರಲಿಲ್ಲ. ಕುತ್ತಿಗೆಯ ನರ ಹಗ್ಗದಂತೆ ಉಬ್ಬುತ್ತಿತ್ತು. ದನಿ ಮಾತ್ರ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಎದುರು ನಿಂತ ನಾವು ಹುಡುಗಿಯರು ಈಗ ಉಸಿರು ಬಿಡುತ್ತಾರೆ, ಈಗ ಬಿಡುತ್ತಾರೆ ಎಂದು ಕಾದು ಕಾದು, ಅವರಿಗಿಂತ ಮೊದಲು ನಾವೇ ಸುಸ್ತಾಗುತ್ತಿದ್ದೆವು.

ಚಿತ್ತವಾಡ್ಗಿಯಲ್ಲಿ ನಾನು ಓದಿದ ಹೈಸ್ಕೂಲಿನಲ್ಲಿ ಅವರು ದೈಹಿಕ ಶಿಕ್ಷಕರಾಗಿದ್ದರು. ಹುಡುಗರಿಗೆ ಕ್ರಿಕೆಟ್, ಹುಡುಗಿಯರಿಗೆ ಹೆಚ್ಚೆಂದರೆ ಖೋಖೋ ಎಂಬ ಕಾಲದಲ್ಲಿ ಹುಡುಗಿಯರ ಕಬಡ್ಡಿ ತಂಡ ಕಟ್ಟಿದ್ದರು. ನನ್ನ ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಮಗಳು ಚಡ್ಡಿ ತೊಟ್ಟು ಮಣ್ಣಿನಲ್ಲಿ ಹೊರಳಾಡುವುದು ಅವರಿಗೆ ಒಗ್ಗದ ಮಾತು. "ಬ್ಯಾಡ ಅಂದ್ರ ಬ್ಯಾಡ" ಎಂದು ಬಾಗಿಲು ಹಾಕಿಬಿಟ್ಟಿದ್ದರು. ಮರುದಿನ ಸಂಜೆ ಸರ್ ಮನೆಗೆ ಬಂದರು. ಕುರ್ಚಿ ಕೊಟ್ಟರೆ ಒಲ್ಲೆನೆಂದು ನೆಲದ ಮೇಲೇ ಕುಳಿತು, ಒಲೆಯ ಮುಂದೆ ಊದುಗೊಳವೆ ಹಿಡಿದಿದ್ದ ನನ್ನನ್ನು ತೋರಿಸಿ ಅಪ್ಪನಿಗೆ ಹೇಳಿದರು: "ಈ ಹುಡುಗಿ ಎದಿಯಾಗ ದಮ್ಮು ಐತ್ರಿ. ಅದನ್ನ ಒಲಿ ಊದಾಕ ಅಷ್ಟ ಇಟ್ಕೋತೀರೇನು?"

ಅಪ್ಪ ನಕ್ಕುಬಿಟ್ಟರು. ನಕ್ಕ ಮೇಲೆ ಇಲ್ಲ ಎನ್ನುವುದು ಅವರಿಗೆ ಆಗಲಿಲ್ಲ. ಆ ಒಂದು ಸಂಜೆಯಿಂದ ನಾನು ಊರೂರು ಆಡಿದೆ, ಹೊರಗೆ ಹೋಗುವ ಧೈರ್ಯ ಬಂತು, ಓದಿದೆ, ಈಗ ಕಂಪ್ಲಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೇನೆ.

ದಮ್ಮು ಎಂಬುದು ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತಿದ್ದ ಮಾತು. "ದಮ್ಮು ಹಿಡಿ", "ದಮ್ಮು ಬಿಡಬ್ಯಾಡ", "ಕಾಲು ಸೋತ್ರ ಸೋಲ್ಲಿ, ದಮ್ಮು ಸೋಲಬಾರದು". ಆದರೆ ನಮ್ಮ ಕಡೆ ಆ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಬೀಡಿ ಎಳೆಯುವುದಕ್ಕೂ ದಮ್ಮು ಹೊಡೆಯುವುದು ಎಂದೇ ಹೇಳುತ್ತೇವೆ. ಸರ್ ಅದನ್ನೂ ಹೊಡೆಯುತ್ತಿದ್ದರು. ಮೇಷ್ಟರಾಗುವ ಮೊದಲು, ಹದಿಹರೆಯದಲ್ಲಿ, ಅವರು ಯಶವಂತನಗರದ ಕಡೆ ಮೈನ್ಸ್‌ನಲ್ಲಿ ಲಾರಿಗೆ ಅದಿರು ತುಂಬುತ್ತಿದ್ದರು. ಮೂಗು, ಬಾಯಿ, ಊಟದ ಬುತ್ತಿ ಎಲ್ಲ ಕೆಂಪು ದೂಳು. ಆ ದೂಳಿಗೆ ಬೀಡಿಯೇ ಮದ್ದು ಎಂದು ಹಿರಿಯ ಕೂಲಿಗಳು ಕಲಿಸಿದ್ದರಂತೆ. ದೂಳು ಬಿಟ್ಟು ಬಂದರೂ ಬೀಡಿ ಬಿಟ್ಟು ಬರಲಿಲ್ಲ. ಶಾಲೆಯಲ್ಲಿ ಯಾರಿಗೂ ಕಾಣದಂತೆ ಸೇದಿ, ಬಾಯಿಗೆ ಲವಂಗ ಹಾಕಿಕೊಂಡು ಬರುತ್ತಿದ್ದರು. ಲವಂಗದ ವಾಸನೆ ಬಂತೆಂದರೆ ಸರ್ ಬೀಡಿ ಸೇದಿ ಬಂದರು ಎಂದು ನಮಗೆಲ್ಲ ತಿಳಿಯುತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಈಗಿನ ಹುಡುಗಿಯರು ನಮ್ಮಂತಲ್ಲ. ಅವರ ತಂಡದ ಒಬ್ಬಳು ಒಂದು ದಿನ ಅಭ್ಯಾಸದ ನಡುವೆ ಸೊಂಟಕ್ಕೆ ಕೈಯಿಟ್ಟು ಕೇಳಿಯೇಬಿಟ್ಟಳಂತೆ: "ಸರ್, ನಮಗ ದಮ್ಮು ಹಿಡೀರಿ ಅಂತೀರಿ. ನೀವು ಮಾತ್ರ ದಮ್ಮು ಹೊಡೀತೀರಿ. ಇದ್ಯಾವ ನ್ಯಾಯ ರೀ?"

ಇದನ್ನು ಸರ್ ನನಗೆ ಹೇಳಿ ಹೊಟ್ಟೆ ತುಂಬ ನಕ್ಕಿದ್ದರು. ಆಮೇಲೆ ನಗು ನಿಲ್ಲಿಸಿ, "ಖರೇ ಮಾತವ್ವಾ. ಇನ್ನ ಬಿಡಬೇಕು" ಎಂದಿದ್ದರು.

ಬಿಡುವುದಕ್ಕೆ ಹೊರಟ ಆ ಒಳ್ಳೆಯ ಮನಸ್ಸನ್ನೇ ಹಿಡಿದು ಒಬ್ಬರು ಅವರಿಗೆ ಇನ್ನೊಂದು ಹೊಗೆಯನ್ನು ಮಾರಿದರು. ಇದನ್ನು ಬರೆಯುವಾಗ ಇಂದಿಗೂ ನನ್ನ ಕೈ ಬಿಸಿಯಾಗುತ್ತದೆ.

ಮಾರಿದವನು ಪರಕೀಯನಲ್ಲ, ಅವರದೇ ಹಳೆಯ ವಿದ್ಯಾರ್ಥಿ. ಹಂಪಿಗೆ ಹೋಗುವ ರಸ್ತೆಯಲ್ಲಿ ಮೊಬೈಲ್ ಕವರ್, ಕೂಲಿಂಗ್ ಗ್ಲಾಸ್, ಟೋಪಿ ಮಾರುವ ಅಂಗಡಿ ಇಟ್ಟಿದ್ದ. ಸರ್ ಕಂಡರೆ ಎದ್ದು ಬಂದು ಕಾಲು ಮುಟ್ಟುತ್ತಿದ್ದ. ಬೀಡಿ ಬಿಡಬೇಕು ಎಂದಾಗ ಅವನು ಟೇಬಲ್ಲಿನ ಕೆಳಗಿನಿಂದ ಬಣ್ಣದ ಪೆನ್ನಿನಂತಹ, ಬ್ಯಾಟರಿಯಿಂದ ಕಾಯುವ ಒಂದು ಸಾಧನ ತೆಗೆದುಕೊಟ್ಟ. ವೇಪ್. ಎಳೆದರೆ ಬಿಳಿ ಹೊಗೆ, ಮಾವಿನ ಹಣ್ಣಿನ ವಾಸನೆ.

"ಇದು ಬ್ಯಾನ್ ಅಲ್ಲೇನಲೇ?" ಎಂದು ಸರ್ ಕೇಳಿದ್ದರಂತೆ.

"ಅದು ಸಿಗರೇಟಿನೋರು ಮಾಡಿಸಿದ್ದು ಸರ್. ಫಾರಿನ್‌ನಾಗ ಡಾಕ್ಟ್ರೇ ಕೊಡ್ತಾರ. ಇದು ಬರೀ ನೀರಿನ ಆವಿ. ಏನೂ ಆಗಲ್ಲ, ನಾನು ಗ್ಯಾರಂಟಿ."

ಗ್ಯಾರಂಟಿ! ಆ ಡಬ್ಬದ ಮೇಲೆ ಕಂಪನಿಯ ಹೆಸರಿರಲಿಲ್ಲ, ಒಳಗಿನ ದ್ರವದಲ್ಲಿ ಏನಿದೆ ಎಂಬ ಒಂದು ಸಾಲಿರಲಿಲ್ಲ. ಬೀಡಿ ಕಟ್ಟಿನ ಮೇಲಾದರೂ ರೋಗದ ಭಯಂಕರ ಚಿತ್ರ ಇರುತ್ತದೆ. ಇದರ ಮೇಲೆ ಇದ್ದದ್ದು ಹೋಳು ಮಾಡಿದ ಮಾವಿನ ಹಣ್ಣಿನ ಚಿತ್ರ. ಬೀಡಿಗೆ ಅಷ್ಟರಮಟ್ಟಿಗೆ ಮಾನ ಇದೆ ಎಂದು ನನಗೆ ಆಮೇಲೆ ಅನ್ನಿಸಿತು. ನಾರುತ್ತದೆ, ತಾನು ಎಂಥದೆಂದು ನಾರಿಯೇ ಹೇಳುತ್ತದೆ. ಇದು ಮಕ್ಕಳ ಚಾಕಲೇಟಿನಂತೆ ಘಮಘಮಿಸುತ್ತಾ ಬರುತ್ತದೆ.

ಮೊದಮೊದಲು ಸರ್ ಗೆದ್ದವರಂತೆ ಓಡಾಡಿದರು. ಬೀಡಿ ನಿಂತಿತು. ಲವಂಗವೂ ನಿಂತಿತು. ಫೋನಿನಲ್ಲಿ, "ನೋಡವ್ವಾ, ಮುಂಜಾನಿ ಕೆಮ್ಮಿಲ್ಲ, ಮಸ್ತ್ ಆಗೇನಿ" ಎನ್ನುತ್ತಿದ್ದರು. ಒಮ್ಮೆ ನಾನು, "ಸರ್, ಅದರೊಳಗೆ ಏನಿದೆಯೋ ಗೊತ್ತಿಲ್ಲ, ಡಾಕ್ಟರನ್ನು ಒಂದು ಮಾತು ಕೇಳಿ" ಎಂದೆ. "ಅಂವ ನನ್ನ ಹುಡುಗ. ನನಗ್ಯಾಕ ಸುಳ್ಳು ಹೇಳ್ತಾನ?" ಎಂದರು. ಗುರುಗಳಿಗೆ ಶಿಷ್ಯನ ಮೇಲಿದ್ದ ಆ ನಂಬಿಕೆಯ ಮುಂದೆ ನನ್ನ ವಿಜ್ಞಾನ ನಿಲ್ಲಲಿಲ್ಲ.

ಮರುವರ್ಷ ತಾಲ್ಲೂಕು ಮಟ್ಟದ ಪಂದ್ಯಗಳು ನಾನಿರುವ ಕಡೆಯೇ ನಡೆದವು. ಸರ್ ಅಂಪೈರ್ ಆಗಿ ಬಂದಿದ್ದರು. ಸೊರಗಿದ್ದರು. ಕೇಳಿದರೆ ಜ್ವರ ಬಂದು ಹೋಗಿದೆ ಎಂದರು. ಮೊದಲ ಪಂದ್ಯದಲ್ಲಿ ಒಬ್ಬಳು ಗೆರೆ ತುಳಿದಳು. ಸರ್ ಸೀಟಿ ಊದಿದರು. ಅರ್ಧ ಸದ್ದು ಬಂತು. ಇನ್ನೊಮ್ಮೆ ಊದಿದರು. ಬರೀ ಗಾಳಿ ಬಂತು. ಅವರು ಸೀಟಿಯನ್ನು ಬಾಯಿಂದ ತೆಗೆದು, ಅದರದೇ ತಪ್ಪೇನೋ ಎಂಬಂತೆ ತಿರುವಿ ನೋಡಿದರು. ಆಮೇಲೆ ನಿಧಾನವಾಗಿ ಸುಣ್ಣದ ಗೆರೆಯ ಮೇಲೆಯೇ ಕುಳಿತುಬಿಟ್ಟರು. ತುಟಿ ನೇರಳೆಯಾಗಿತ್ತು. ಆಡುತ್ತಿದ್ದ ಹುಡುಗಿಯರೇ ಅವರನ್ನು ಎತ್ತಿ ಜೀಪಿನಲ್ಲಿ ಕೂರಿಸಿದರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಎದೆರೋಗದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚಿತ್ರದಲ್ಲಿ ಎದೆಯ ಎರಡೂ ಕಡೆ ಹತ್ತಿ ತುರುಕಿದಂತೆ ಬೆಳ್ಳಗೆ ಕಾಣುತ್ತಿತ್ತು. ಟಿ.ಬಿ. ಪರೀಕ್ಷೆ ಮಾಡಿಸಿದರು, ಅದಲ್ಲ. ಬೇರೆ ಸೋಂಕುಗಳನ್ನು ಹುಡುಕಿದರು, ಅವೂ ಅಲ್ಲ. ಆಗ ಆಕೆ ಸರ್ ಅವರ ಹೆಂಡತಿಯನ್ನು, ನಾವೆಲ್ಲ ಅಮ್ಮ ಎಂದೇ ಕರೆಯುವವರನ್ನು, ಕೂರಿಸಿಕೊಂಡು ಒಂದೊಂದಾಗಿ ಕೇಳಿದರು. ಅಮ್ಮ ಚೀಲದಿಂದ ಆ ಮಾವಿನ ಡಬ್ಬ ತೆಗೆದು ಟೇಬಲ್ಲಿನ ಮೇಲಿಟ್ಟರು.

ಡಾಕ್ಟರ್ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ಇದೂ ಕಾರಣ ಇರಬಹುದು. ಇದನ್ನು ಸೇದಿದವರಿಗೆ ಹೀಗಾಗೋದುಂಟು. ಆದರೆ ಇವರ ಎದೆಯಲ್ಲಿ ಹಳೆಯ ಗಣಿ ದೂಳಿನ ಗುರುತಿದೆ. ಬೀಡಿ ಇದೆ. ಯಾವುದು ಎಷ್ಟು ಮಾಡಿತು ಅಂತ ನಾನು ಹೇಳೋಕಾಗಲ್ಲ. ಇದರೊಳಗೆ ಏನಿತ್ತು ಅಂತಾನೇ ಗೊತ್ತಿಲ್ಲವಲ್ಲ. ಎಣ್ಣೆಯ ಅಂಶ ಇದ್ದರೆ ಒಂಥರ, ವಾಸನೆಗೆ ಹಾಕೋ ರಾಸಾಯನಿಕವಾದರೆ ಇನ್ನೊಂಥರ, ಕಾಯಿಸೋ ಲೋಹದ್ದಾದರೆ ಮತ್ತೊಂಥರ. ಪರೀಕ್ಷೆ ಮಾಡೋ ಸೌಲಭ್ಯ ನಮ್ಮಲ್ಲಿಲ್ಲ."

ಆಕೆ ನಿಜವನ್ನೇ ಹೇಳಿದರು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದವರು ಈ ಕತೆಯಲ್ಲಿ ಆಕೆಯೊಬ್ಬರೇ. ಔಷಧಿಗೆ ಸರ್ ಸ್ವಲ್ಪ ಚೇತರಿಸಿಕೊಂಡು ಮನೆಗೆ ಬಂದರು. ಮೂಗಿಗೆ ನಳಿಗೆ, ಹಾಸಿಗೆಯ ಪಕ್ಕ ಗುರುಗುಟ್ಟುವ ಆಕ್ಸಿಜನ್ ಯಂತ್ರ. ಊರಿನ ದಾನಿಗಳು ಕೂಡಿ ಇಟ್ಟಿದ್ದ ಯಂತ್ರ ಅದು, ಬೇಕಾದವರ ಮನೆಗೆ ಹೋಗುತ್ತಿತ್ತು.

ನನ್ನ ಸಿಟ್ಟು ಆ ಮನೆಗೆ ನೋಡಲು ಬಂದವರ ಮೇಲೆ. ಡಾಕ್ಟರ್ ಪ್ರಾಮಾಣಿಕವಾಗಿ ಹೇಳಿದ ಆ "ಗೊತ್ತಿಲ್ಲ"ವನ್ನು ಪ್ರತಿಯೊಬ್ಬರೂ ತಮಗೆ ಬೇಕಾದ ಹಾಗೆ ಕತ್ತರಿಸಿಕೊಂಡರು. ಹಿಂದೆ ಮೈನ್ಸ್‌ನಲ್ಲಿ ಅವರನ್ನು ಕೆಲಸಕ್ಕೆ ಹಚ್ಚಿದ್ದ ಗುತ್ತಿಗೆದಾರ ಸಂಡೂರಿನಿಂದ ಹಣ್ಣಿನ ಬುಟ್ಟಿ ಹಿಡಿದು ಬಂದ. "ಆ ವೇಪೋ ಗೀಪೋ ಸೇದಿ ಹಿಂಗ ಆತು ನೋಡ್ರಿ. ನಮ್ಮ ದೂಳು ಕುಡದ ಎಷ್ಟು ಮಂದಿ ಗಟ್ಟಿ ಅದಾರ!" ಎಂದ. ಮಾರನೆಯ ದಿನ ಅಂಗಡಿಯ ಹುಡುಗ ಬಂದು ಕಾಲ ಬಳಿ ಕುಳಿತು ಅತ್ತ. ಅತ್ತವನು, "ಸರ್, ಅದು ಮೈನ್ಸ್ ದೂಳು. ಇದರಿಂದ ಆಗಾಕ ಸಾಧ್ಯಾನ ಇಲ್ಲ" ಎಂದ. ನೆಂಟರೊಬ್ಬರು ಬೀಡಿಯದೇ ತಪ್ಪು, ಮಾಡಿದ್ದುಣ್ಣೋ ಮಾರಾಯ ಎಂದರು. ಒಬ್ಬರಿಗೆ ದೂಳು ಬೇಡ, ಒಬ್ಬರಿಗೆ ವೇಪ್ ಬೇಡ. ಎಲ್ಲರಿಗೂ ಬೇಕಾದದ್ದು ಒಂದೇ: ತಮ್ಮ ಕೈಯಲ್ಲ ಎನ್ನುವುದು.

ಸರ್ ಎಲ್ಲವನ್ನೂ ಕೇಳಿಸಿಕೊಂಡರು. ಅಂಗಡಿಯ ಹುಡುಗ ಮಾತು ಮುಗಿಸಿದ ಮೇಲೆ ಉಸಿರು ಕೂಡಿಸಿಕೊಂಡು ಕೇಳಿದರು: "ಲೇ, ಏನೂ ಆಗಲ್ಲ ಅಂತ ನಿನಗ ಯಾರು ಹೇಳಿದ್ರು?"

"ಮಾಲು ತಂದು ಕೊಡೋನು, ಸರ್."

"ಅವಗ ಯಾರು ಹೇಳಿದ್ರು?"

ಹುಡುಗ ಸರ್ ಅವರ ಹೊದಿಕೆಯ ಅಂಚು ಸರಿಪಡಿಸತೊಡಗಿದ.

"ಕಬಡ್ಡಿ ಆಡೀದಿಯಲ್ಲ ನನ್ನ ಹತ್ರ. ನಾಕು ಮಂದಿ ಕೂಡಿ ಒಬ್ಬನ್ನ ಹಿಡದ್ರ, ಔಟ್ ಮಾಡಿದ್ದು ಯಾವ ಕೈ ಅಂತ ಕೇಳ್ತಾರೇನು? ನಾನು ಹಿಡದದ್ದು ಬರೀ ಕಾಲು, ನಂದೇನೂ ಇಲ್ಲ ಅಂತ ಯಾವನರ ಅಂತಾನೇನು?" ಇಷ್ಟು ಹೇಳುವುದಕ್ಕೆ ಅವರು ನಡುವೆ ಎರಡು ಮೂರು ಸಲ ನಿಂತು ಯಂತ್ರದ ಗಾಳಿ ಎಳೆದುಕೊಂಡರು. "ಬೀಡಿ ನಂದು. ಅದು ನನ್ನ ಕೈ, ಒಪ್ಕೋತೀನಿ. ಉಳಿದ ಕೈ ಯಾರವು, ಅವರವರು ಹೇಳ್ರಿ."

ಹುಡುಗ ತಲೆ ತಗ್ಗಿಸಿಕೊಂಡು ಎದ್ದುಹೋದ. ಕೆಲವು ದಿನ ಅಂಗಡಿ ಮುಚ್ಚಿತ್ತು. ಆಮೇಲೆ ತೆರೆಯಿತು. ಟೇಬಲ್ಲಿನ ಕೆಳಗೆ ಮಾವಿನ ಜೊತೆ ಪುದೀನವೂ ಬಂದಿದೆ ಎಂದು ನಮ್ಮ ಶಾಲೆಯ ಮಕ್ಕಳಿಂದಲೇ ನನಗೆ ತಿಳಿಯಿತು. ಅಳುವುದು ಬೇರೆ, ವ್ಯಾಪಾರ ಬೇರೆ ಎಂಬುದನ್ನು ಆ ಹುಡುಗ ಯಾವ ಶಾಲೆಯಲ್ಲಿ ಕಲಿತನೋ ನಾನರಿಯೆ. ಸರ್ ಅವರ ಶಾಲೆಯಲ್ಲಂತೂ ಅಲ್ಲ.

ಆ ಕಾವಿನಲ್ಲಿ ನಾನೊಂದು ಲೇಖನ ಬರೆದೆ. ನನ್ನ ಗುರುಗಳನ್ನು ವೇಪ್ ಕೊಂದಿತು ಎಂಬ ಧಾಟಿಯದು. ಅವರಿನ್ನೂ ಬದುಕಿದ್ದಾಗಲೇ ಹಾಗೆ ಬರೆದಿದ್ದೆ. ಪತ್ರಿಕೆಗೆ ಕಳಿಸುವ ಮೊದಲು ಓದಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದರು. ಮೆಚ್ಚುತ್ತಾರೆ ಎಂದುಕೊಂಡಿದ್ದೆ.

"ಇದರಿಂದಾನ ಅಂತ ನಿನಗ ಗೊತ್ತೈತೇನು?" ಎಂದರು.

"ಮತ್ತೆ ಇನ್ನೇತರಿಂದ, ಸರ್?"

"ಗೊತ್ತಿಲ್ಲದ್ದನ್ನ ಗೊತ್ತು ಅನಬ್ಯಾಡವ್ವಾ. ಹಂಗ ಅಂದವನ ನನಗ ಇದನ್ನ ಮಾರಿದ್ದು."

ಲೇಖನ ಹರಿದುಹಾಕಿದೆ. ಸಿಟ್ಟು ಮಾತ್ರ ಹರಿಯಲಿಲ್ಲ. ಅಲ್ಲಿಯವರೆಗೆ ನನ್ನ ಸಿಟ್ಟಿಗೆ ಒಂದೇ ಒಂದು ಗುರಿ ಇತ್ತು, ಆ ಪೆನ್ನಿನಂತಹ ಸಾಧನ. ಆವತ್ತಿನಿಂದ ಗುರಿ ದೊಡ್ಡದಾಯಿತು. ಏನೂ ಗೊತ್ತಿಲ್ಲದೆ "ಏನೂ ಆಗಲ್ಲ" ಎನ್ನುವ ಪ್ರತಿಯೊಂದು ಬಾಯಿಯೂ ಅದರೊಳಗೆ ಬಂತು. ಮಗುವಿನ ಬಾಯಿಗೆ ಹಾಕುವ ಬಿಸ್ಕತ್ತಿಗೆ ಒಳಗೇನಿದೆ ಎಂದು ಬರೆಯಬೇಕು. ಎದೆಯ ಗೂಡಿಗೆ ನೇರ ಇಳಿಯುವ ಹೊಗೆಗೆ ಬೇಡವೇ? ತಪ್ಪು ಎಂದು ರುಜುವಾತು ಮಾಡುವ ಹೊರೆ ಉಸಿರು ಕಳೆದುಕೊಂಡವನ ಮೇಲೆಯೇ ಏಕೆ ಬೀಳಬೇಕು? ಮಾರುವವನು ಮೊದಲು ತೋರಿಸಬೇಕಲ್ಲವೇ?

ಆ ಹೊತ್ತಿಗೆ ನಮ್ಮ ಶಾಲೆಯಲ್ಲೇ ಒಂಬತ್ತನೆಯ ತರಗತಿಯ ಚೀಲವೊಂದರಲ್ಲಿ ವೇಪ್ ಸಿಕ್ಕಿತು. ಹೈಲೈಟರ್ ಪೆನ್ನಿನ ಹಾಗೇ ಇತ್ತು. ಸರ್ ಅವರಿಗೆ ಹೇಳಿದೆ, ಆದರೆ ಬಂದು ಮಾತಾಡಿ ಎಂದು ಕೇಳುವ ಯೋಚನೆಯೇ ನನಗಿರಲಿಲ್ಲ. ಅವರೇ, "ನಾ ಬರ್ತೀನಿ, ಗಾಡಿ ಮಾಡು" ಎಂದರು. ಅಮ್ಮ ಬೇಡವೆಂದು ಅಂಗಲಾಚಿದರು. "ಇರೋ ದಮ್ಮು ಮನ್ಯಾಗ ಕುಂತು ಏನ್ ಮಾಡ್ಲಿ?" ಎಂದು ಎದ್ದುಬಿಟ್ಟರು.

ಸಣ್ಣ ಸಿಲಿಂಡರ್ ಜೊತೆಗಿಟ್ಟುಕೊಂಡು ಅವರನ್ನು ಕರೆತಂದೆವು. ಪ್ರಾರ್ಥನೆಯ ಅಂಗಳದಲ್ಲಿ ಮಕ್ಕಳ ಮುಂದೆ ಕುರ್ಚಿ ಹಾಕಿದೆವು. ನಾನು ಪರಿಚಯ ಮಾಡಿಕೊಟ್ಟೆ. ಸರ್ ತಮ್ಮ ಕತೆಯನ್ನು ಸಣ್ಣ ಸಣ್ಣ ತುಂಡುಗಳಲ್ಲಿ ಹೇಳಿದರು. ಹೆದರಿಸಲಿಲ್ಲ, ಬೈಯಲಿಲ್ಲ. ತುಂಡು ತುಂಡಿನ ನಡುವೆ ನಳಿಗೆಯಲ್ಲಿ ಗಾಳಿ ಹೋಗುವ ಸದ್ದು ಹಿಂದಿನ ಸಾಲಿಗೂ ಕೇಳಿಸುತ್ತಿತ್ತು.

ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಇದರಿಂದಾನ ನಿಮಗ ಹಿಂಗ ಆತೇನ್ರಿ ಸರ್?"

ಮಕ್ಕಳಿಗೆ ಬುದ್ಧಿ ಹೇಳಲು ಕರೆದ ಯಾರೇ ಆದರೂ ಹೌದು ಎನ್ನುತ್ತಿದ್ದರು. ನಮ್ಮ ಮುಖ್ಯೋಪಾಧ್ಯಾಯರೂ ಹೌದು ಎನ್ನಿ ಎಂಬಂತೆ ಅವರ ಕಡೆ ತಲೆಯಾಡಿಸಿದರು.

"ಗೊತ್ತಿಲ್ಲವ್ವಾ" ಎಂದರು ಸರ್.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರ್ ಗಾಳಿ ಎಳೆದುಕೊಂಡರು. "ನನಗ ಗೊತ್ತಿಲ್ಲ. ಡಾಕ್ಟ್ರಿಗೂ ಗೊತ್ತಿಲ್ಲ. ಮಾರಿದವಗೂ ಗೊತ್ತಿಲ್ಲ." ಮತ್ತೆ ಗಾಳಿ. "ಯಾರಿಗೂ ಗೊತ್ತಿಲ್ಲದ್ದನ್ನ ಎದಿಯೊಳಗ ಯಾಕ ಬಿಟ್ಕೊಂಡ್ರಿ ಅಂತ ಕೇಳು ನನ್ನ. ಅದಕ್ಕ ನನ್ನ ಹತ್ರ ಉತ್ತರ ಇಲ್ಲ. ನಿನ್ನ ಹತ್ರ ಇದ್ರ ನೀನು ಸೇದು."

ಹುಡುಗಿ ಕುಳಿತಳು. ಆ ಸಂಜೆ ಸಿಬ್ಬಂದಿ ಕೋಣೆಯ ಕಿಟಕಿಯ ಮೇಲೆ ಯಾರೋ ಎರಡು ವೇಪ್ ಇಟ್ಟು ಹೋಗಿದ್ದರು. ಯಾರೆಂದು ನಾವು ಹುಡುಕಲಿಲ್ಲ.

ಆ ಚಳಿಗಾಲವನ್ನು ಸರ್ ದಾಟಲಿಲ್ಲ. ಎದೆಗೆ ಮತ್ತೆ ಸೋಂಕು ತಗುಲಿತು, ಈ ಸಲ ಔಷಧಿ ಹಿಡಿಯಲಿಲ್ಲ. ಒಂದು ಮುಂಜಾನೆ ಅಮ್ಮ ಗಂಜಿ ಕುಡಿಸುತ್ತಿದ್ದಾಗ ಸಾಕು ಎಂಬಂತೆ ಕೈ ಅಡ್ಡ ಮಾಡಿದರಂತೆ. ಆ ಕೈ ಮತ್ತೆ ಮೇಲೇಳಲಿಲ್ಲ. ಮಣ್ಣಿಗೆ ಹೋಗುವಾಗ ಹೊಸಪೇಟೆ, ಸಂಡೂರು, ಕಂಪ್ಲಿಗಳಿಂದ ಬಂದ ನಮ್ಮಂಥ ಹೆಣ್ಣುಮಕ್ಕಳೇ ಹೆಗಲು ಕೊಟ್ಟೆವು. ಯಾರೋ ಹಿರಿಯರು ಆಕ್ಷೇಪ ಎತ್ತಿದರು. ಅಮ್ಮ ಅವರ ಕಡೆ ಒಮ್ಮೆ ನೋಡಿದರು, ಅಷ್ಟೇ, ಮಾತು ಅಲ್ಲಿಗೇ ನಿಂತಿತು.

ಚಿತ್ತವಾಡ್ಗಿಯ ಶಾಲೆಯಲ್ಲಿ ಸಂತಾಪ ಸಭೆ ಮಾಡಿದರು. ಮುಖಂಡರೊಬ್ಬರು ಮೈಕ್ ಹಿಡಿದು, ಉಸಿರು ಕೊಟ್ಟವನೂ ದೇವರು, ತಗೊಂಡವನೂ ದೇವರು ಎಂದು ಚೆನ್ನಾಗಿಯೇ ಮಾತಾಡಿದರು. ಸಭೆಗಳಲ್ಲಿ ಎಂದೂ ಬಾಯಿ ತೆರೆಯದ ಅಮ್ಮ ಕುಳಿತಲ್ಲಿಂದಲೇ ಅಂದರು: "ದೇವರ ಹೆಸರು ಹೇಳಬ್ಯಾಡ್ರಿ. ದೇವರು ತಗೊಂಡಿದ್ರ ನನಗ ಇಷ್ಟು ಸಿಟ್ಟು ಬರ್ತಿರಲಿಲ್ಲ." ಮುಖಂಡರು ನೀರು ಕುಡಿದು ಕುಳಿತರು.

ಆ ಆಕ್ಸಿಜನ್ ಯಂತ್ರವನ್ನು ಮುಂದಿನ ಮನೆಗೆ ಮುಟ್ಟಿಸಬೇಕಿತ್ತು. ನಾನೂ ಅಮ್ಮನೂ ಆಟೋದಲ್ಲಿ ಇಟ್ಟುಕೊಂಡು ಹೋದೆವು. ಹಂಪಿಗೆ ಹೋಗುವ ದಾರಿಯ ಒಂದು ಓಣಿ. ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದವನು ಪ್ರವಾಸಿಗರನ್ನು ಸುತ್ತಾಡಿಸುವ ಕೆಲಸದ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಮೈನ್ಸ್ ಕಡೆ ಕಾಲಿಟ್ಟವನಲ್ಲ. ಬೀಡಿ ಮುಟ್ಟಿದವನಲ್ಲ. ತಲೆದಿಂಬಿನ ಪಕ್ಕದಲ್ಲಿ ಪುದೀನ ಎಲೆಯ ಚಿತ್ರದ ಡಬ್ಬ ಬಿದ್ದಿತ್ತು. ಅವನಿಗೂ ಡಾಕ್ಟರು, ಖಚಿತವಾಗಿ ಹೇಳುವುದಕ್ಕೆ ಬರುವುದಿಲ್ಲ ಎಂದೇ ಹೇಳಿದ್ದರಂತೆ.

ಅಮ್ಮ ನೆಲಕ್ಕೆ ಕುಳಿತು ನಳಿಗೆ ಜೋಡಿಸಿದರು, ಯಂತ್ರದ ಬಾಟಲಿಗೆ ನೀರು ಎಲ್ಲಿಯವರೆಗೆ ಹಾಕಬೇಕೆಂದು ಆ ಹುಡುಗನ ತಾಯಿಗೆ ತೋರಿಸಿಕೊಟ್ಟರು. ಯಂತ್ರ ಗುರುಗುಟ್ಟತೊಡಗಿತು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ಯಾಕ ಹಿಂಗ ಆತ್ರೀ ಅಕ್ಕಾರೆ, ನನ್ನ ಮಗನಿಗೆ?"

ಅಮ್ಮ ಆಕೆಯ ಕೈ ಹಿಡಿದುಕೊಂಡರು.

"ನನಗ ಗೊತ್ತಿಲ್ಲವ್ವಾ. ಬಾ, ಮಾರಿದವರನ್ನ ಇಬ್ಬರೂ ಕೂಡಿ ಕೇಳೋಣು."